ಮೂರು ಚಮಚ ಎಣ್ಣೆಯ ದೀಪ

ಆ ವಾರದ ಸರದಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಬರೆಯುವಾಗ ಬೇರೆಯವರ ಮೇಲೆ ಸಿಟ್ಟು ಉಕ್ಕುತ್ತದೆ, ಆ ಭರದಲ್ಲಿ ನನ್ನ ಪಾಲಿನದು ಮರೆತುಹೋಗಬಾರದು.

ನಮ್ಮದು ಹನ್ನೊಂದು ಮನೆಯ ಹಟ್ಟಿ. ಮಾಡದಕೆರೆ ಕಡೆಯಿಂದ ಬರುವ ಟಾರು ರಸ್ತೆ ಮುಗಿದ ಮೇಲೆ ಇನ್ನೂ ಒಂದು ಮೈಲಿ ಮಣ್ಣು ದಾರಿ. ಮುಂದೆ ರಾಗಿ, ಶೇಂಗಾ ಹೊಲ. ಹಿಂದೆ ಗುಡ್ಡ. ಗುಡ್ಡದ ತುಂಬ ಕಾರೆ, ಸೀತಾಫಲ, ಲಂಟಾನದ ಪೊದೆ. ನೆತ್ತಿಯ ಮೇಲೆ ಸಾಲಾಗಿ ಗಾಳಿ ಫ್ಯಾನುಗಳು. ಕಾಡು ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಗುತ್ತದೆ ಅನ್ನುವುದು ನಮ್ಮ ದನಗಳಿಗೂ ಗೊತ್ತಿಲ್ಲ. ಎರಡರ ಮಧ್ಯೆ ಆಂಜನೇಯಸ್ವಾಮಿ ಗುಡಿ. ಹಟ್ಟಿಯ ಮಕ್ಕಳು ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋಗುವ ದಾರಿ ಗುಡಿಯ ಮುಂದೆಯೇ ಹಾದುಹೋಗುತ್ತದೆ.

ಗರ್ಭಗುಡಿಗೆ ಬಾಗಿಲಿದೆ, ಬೀಗವಿದೆ. ಮುಂದಿನ ನಾಲ್ಕು ಕಂಬದ ಮಂಟಪಕ್ಕೆ ಏನೂ ಇಲ್ಲ, ಮೂರು ಕಡೆ ಬಯಲು. ಆ ಮಂಟಪದ ನಡುವೆ ಕಲ್ಲಿನ ದೀಪದ ಬಟ್ಟಲು. ಒಂದು ಸೇರು ಎಣ್ಣೆ ಹಿಡಿಯುವಷ್ಟು ಆಳ.

ವಾರಕ್ಕೊಂದು ಮನೆಯಂತೆ ದೀಪದ ಸರದಿ ಬರುತ್ತದೆ. ಸರದಿಯ ಮನೆಗೆ ಗುಡಿಯ ಬೀಗದ ಕೈ ಮತ್ತು ಎಣ್ಣೆಯ ಹಿತ್ತಾಳೆ ಗಿಂಡಿ ಬರುತ್ತವೆ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಗುಡಿಸಿ, ತೊಳೆದು, ರಂಗೋಲಿ ಬಿಡಬೇಕು. ಸಂಜೆ ದೀಪಕ್ಕೆ ಎಣ್ಣೆ ಸುರಿಯಬೇಕು. ಎರಡೂ ಹೆಂಗಸರ ಕೆಲಸ. ಒಂದು ಕಟ್ಟಳೆಯಿದೆ: ಗುಡಿಯ ಮೆಟ್ಟಿಲು ಹತ್ತಿದ ಎಣ್ಣೆ ಮತ್ತೆ ಮನೆಗೆ ಇಳಿಯಬಾರದು. ಗಿಂಡಿಯಲ್ಲಿ ಉಳಿದದ್ದು, ಹರಕೆಯವರು ತಂದದ್ದು, ಎಲ್ಲ ಮಂಟಪದ ಮೂಲೆಯಲ್ಲಿದ್ದ ನೀಲಿ ಡ್ರಮ್ಮಿಗೆ ಬೀಳುತ್ತಿತ್ತು. ಶೇಂಗಾ ಎಣ್ಣೆ, ಹರಳೆಣ್ಣೆ, ಹೊಂಗೆ ಎಣ್ಣೆ, ಎಲ್ಲ ಒಂದೇ ಡ್ರಮ್ಮು. ಅದಕ್ಕೊಂದು ತಟ್ಟೆ ಮುಚ್ಚಳ.

ಯುಗಾದಿ ಆದ ಮೇಲೆ ಒಂದು ದಿನ ಬೆಳಿಗ್ಗೆ ಗುಡಿಸಲು ಹೋದಾಗ ದೀಪದ ಬಟ್ಟಲು ತೊಳೆದಿಟ್ಟ ಹಾಗೆ ಖಾಲಿ. ಯಾವತ್ತೂ ಸುರಿದದ್ದರಲ್ಲಿ ಅರ್ಧದಷ್ಟಾದರೂ ಉಳಿದಿರುತ್ತಿತ್ತು. ಬತ್ತಿ ಪಕ್ಕಕ್ಕೆ ಬಿದ್ದಿತ್ತು. ಮರುದಿನವೂ ಹಾಗೇ. ಮೂರನೆಯ ದಿನ ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರಿಗೆ ನಾನು ಹೇಳಿದೆ, "ನಮ್ಮಪ್ಪ ಆಂಜನೇಯ ಎಣ್ಣೆ ಕುಡಿದವ್ನೆ ಕಣ್ರೇ. ಒಂದು ತೊಟ್ಟು ಬಿಟ್ಟಿಲ್ಲ."

ಹೇಳಿದವಳು ನಾನು. ಮೈ ಜುಮ್ಮೆಂದಿತ್ತು. ಕಣ್ಣಲ್ಲಿ ನೀರು ಬಂದಿತ್ತು. ನನ್ನ ಮಾತು ಸಂಜೆಯೊಳಗೆ ಹನ್ನೊಂದು ಮನೆ ಸುತ್ತಿತು, ವಾರದೊಳಗೆ ಸುತ್ತಲ ಊರು ಸುತ್ತಿತು. ದಿನಕ್ಕೆ ಒಂದು ಪಾವು ಸುರಿಯುತ್ತಿದ್ದವರು ಬಟ್ಟಲು ತುಂಬ ಸುರಿದರು. ಬೆಳಿಗ್ಗೆ ಅದೂ ಖಾಲಿ. ಶನಿವಾರ ಬೇರೆ ಊರಿನವರು ಕ್ಯಾನು ತಂದರು. ಡ್ರಮ್ಮು ತುಂಬಿತು.

ವೈಶಾಖದಲ್ಲಿ ಹಟ್ಟಿಯ ಗಂಡಸೊಬ್ಬ ಮುಸ್ಸಂಜೆಯಲ್ಲಿ ತನ್ನ ಮನೆಯ ಮಾಳಿಗೆ ಮೇಲಿಂದ ಮೊಬೈಲಿನಲ್ಲಿ ಹಿಡಿದ. ಕರಡಿ. ಮಂಟಪದಲ್ಲಿ ನಮ್ಮ ಹಾಗೇ ಕುಂಡಿ ಊರಿ ಕುಳಿತು, ಬಟ್ಟಲಿಗೆ ಮೂತಿ ಇಟ್ಟು, ಸೊರ್ ಸೊರ್ ಎಂದು ಕುಡಿಯುತ್ತಿತ್ತು.

ಅವತ್ತೇ ಎಲ್ಲ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅರಳಿಕಟ್ಟೆಯಲ್ಲಿ ಕುಳಿತವರು ಹೊಸ ಕಥೆ ಕಟ್ಟಿದರು. ಆಂಜನೇಯನನ್ನು ನೋಡಲು ಜಾಂಬವಂತ ಬಂದಿದ್ದಾನೆ. ರಾಮಾಯಣದಲ್ಲಿ ಇಬ್ಬರೂ ಒಂದೇ ಸೈನ್ಯದವರಲ್ಲವೇ, ಸ್ನೇಹಿತನ ಮನೆಗೆ ಬಂದವನಿಗೆ ಎಣ್ಣೆ ಇಡದೆ ಕಳಿಸುವುದು ಹೇಗೆ? ಹೊಸದುರ್ಗದಿಂದ, ಹೊಳಲ್ಕೆರೆಯಿಂದ ಸಂಜೆ ಕಾರುಗಳು ಬರತೊಡಗಿದವು. ಬಂದವರು ಎಣ್ಣೆ ಸುರಿದು, ದೂರದಲ್ಲಿ ಕಾರಿನ ಗಾಜು ಏರಿಸಿ ಕಾದು ಕುಳಿತು, ಕರಡಿಯನ್ನು ನೋಡಿ ಕೈ ಮುಗಿದು ಹೋದರು. ಬೆಳಿಗ್ಗೆ ಕತ್ತಲಲ್ಲಿ ಪೊರಕೆ ಹಿಡಿದು ಅಲ್ಲಿಗೆ ಹೋಗುವವರು ಮಾತ್ರ ನಾವು.

"ಪೂಜಾರಪ್ಪ, ಬೆಳಗ್ಗೆ ಹೊತ್ತು ಅದು ಅಲ್ಲೇ ಇದ್ರೆ ಏನ್ ಗತಿ?" ಎಂದು ನಾನೇ ಒಮ್ಮೆ ಕೇಳಿದೆ.

ನಮ್ಮ ಪೂಜಾರಪ್ಪ ಒಳ್ಳೆಯ ಮನುಷ್ಯ. ಎಪ್ಪತ್ತು ದಾಟಿದವರು, ಹೊಲದ ಕೆಲಸ ಮುಗಿಸಿ ಬಂದು ಪೂಜೆ ಮಾಡುವವರು. ಅವರು ನಕ್ಕರು. "ಭಕ್ತಿ ಇದ್ದೋರಿಗೆ ಜಾಂಬವಂತ ಏನೂ ಮಾಡಲ್ಲ ಕಣವ್ವ."

ನಾನು ಸುಮ್ಮನಾದೆ. ಸುಮ್ಮನಾದದ್ದು ಎರಡನೆಯ ತಪ್ಪು.

ಶ್ರಾವಣದ ಎರಡನೆಯ ಶನಿವಾರ ನನ್ನ ಸರದಿಯ ವಾರ ನಡೆಯುತ್ತಿತ್ತು. ಮಧ್ಯಾಹ್ನ ನಾನು ಹೊರಗಾದೆ. ಆ ಮೂರು ದಿನ ಗುಡಿಯ ಕೆಲಸ ಮಾಡುವಂತಿಲ್ಲ. ಪಕ್ಕದ ಮನೆಯಲ್ಲೇ ಇರುವ ನನ್ನ ವಾರಗಿತ್ತಿ, ಮೈದುನನ ಹೆಂಡತಿ, ಬಂದು ಬೀಗದ ಕೈ, ಗಿಂಡಿ ತೆಗೆದುಕೊಂಡಳು. "ನೀನು ಕಾಲು ಚಾಚ್ಕಂಡು ಮಲಕ್ಕ ಅಕ್ಕ. ಮೂರು ದಿನ ನಿನ್ ಪುಣ್ಯ ನಂಗೆ," ಎಂದು ನಗಾಡಿದಳು.

ಭಾನುವಾರ ಬೆಳಿಗ್ಗೆ ಐದೂವರೆಗೆ ಅವಳು ಪೊರಕೆ, ಬಕೆಟ್ಟು ಹಿಡಿದು ಮಂಟಪ ಹತ್ತಿದಳು. ಹಿಂದಿನ ದಿನ ಶನಿವಾರ, ಬಂದವರು ಬಟ್ಟಲು ತುಂಬಿ ನೆಲಕ್ಕೂ ಹರಿಸಿದ್ದರು. ಕರಡಿ ಇನ್ನೂ ಕುಡಿದು ಮುಗಿಸಿರಲಿಲ್ಲ. ಅದು ಕಂಬದ ಮರೆಯಲ್ಲಿತ್ತು.

ಕೂಗು ಕೇಳಿ ನಾನು ಅಂಗಳಕ್ಕೆ ಬಂದಾಗ ಮೈದುನ, ನಮ್ಮ ಮನೆಯವರು ದೊಣ್ಣೆ ಹಿಡಿದು ಓಡುತ್ತಿದ್ದರು. ಅವಳನ್ನು ಕಂಬಳಿಯಲ್ಲಿ ಹೊತ್ತು ತಂದರು. ತಲೆಯ ಚರ್ಮ ಒಂದು ಕಡೆ ಕಿತ್ತು ಬಂದಿತ್ತು. ಬಲಗೈ ಭುಜದಿಂದ ಮೊಣಕೈವರೆಗೆ ಹರಿದಿತ್ತು. ಹೊರಗಾದವಳೆಂದು ನಾನು ದೂರ ನಿಲ್ಲಲಿಲ್ಲ. ಅವಳ ತಲೆಗೆ ನನ್ನ ಸೆರಗು ಸುತ್ತಿ, ಮೈದುನನ ಟೆಂಪೋದಲ್ಲಿ ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗದ ದೊಡ್ಡಾಸ್ಪತ್ರೆವರೆಗೆ ಹೋದೆ. ದಾರಿಯುದ್ದಕ್ಕೂ ಅವಳು ಒಂದೇ ಕೇಳುತ್ತಿದ್ದಳು. "ಅಕ್ಕ, ಬೀಗದ ಕೈ ಎಲ್ಲಿ ಬಿತ್ತು?"

ನನಗೊಂದು ಅಭ್ಯಾಸವಿದೆ. ಕಷ್ಟ ಬಂದಾಗ ಬೆರಳ ಗೆಣ್ಣಿನ ಮೇಲೆ ಉಳಿದದ್ದನ್ನು ಎಣಿಸುತ್ತೇನೆ. ಅವತ್ತೂ ಎಣಿಸಿದೆ. ಕಣ್ಣು ಉಳಿಯಿತು. ಅವಳ ಸೆರಗು ಹಿಡಿದುಕೊಂಡೇ ಓಡಾಡುವ ಮಗಳು ಅವತ್ತು ಜೊತೆಗೆ ಹೋಗಿರಲಿಲ್ಲ. ಟೆಂಪೋ ಮನೆ ಮುಂದೆಯೇ ಇತ್ತು. ಮೂರು ಗೆಣ್ಣು. ನಾಲ್ಕನೆಯದು ಹುಡುಕಿದರೂ ಸಿಗಲಿಲ್ಲ. ಅವಳ ಜಾಗದಲ್ಲಿ ನಾನು ಇರಬೇಕಿತ್ತು ಅನ್ನುವುದನ್ನು ಯಾವ ಗೆಣ್ಣಿನ ಮೇಲೆ ಇಡುವುದು?

ಎಂಟು ದಿನದ ಮೇಲೆ ಹಟ್ಟಿಗೆ ಬಂದೆ. ಮಂಟಪದಲ್ಲಿ ಬಟ್ಟಲು ತುಂಬಿತ್ತು. ನನ್ನ ವಾರಗಿತ್ತಿಯ ನೆತ್ತರನ್ನು ತೊಳೆದ ಜಾಗದಲ್ಲೇ ನಿಂತು ಯಾರೋ ಮತ್ತೆ ಎಣ್ಣೆ ಸುರಿದಿದ್ದರು. ಸರದಿ ತಪ್ಪಿದರೆ ಸ್ವಾಮಿ ಮುನಿಯುತ್ತಾನಂತೆ.

ಅರಣ್ಯ ಇಲಾಖೆಯವರು ಒಂದು ಕಬ್ಬಿಣದ ಬೋನು ತಂದು ಗುಡಿಯಿಂದ ನೂರು ಮಾರು ದೂರದಲ್ಲಿ ಇಟ್ಟಿದ್ದರು. ಒಳಗೆ ಬೆಲ್ಲ, ಹಲಸಿನ ಹಣ್ಣು. ಹತ್ತು ದಿನವಾದರೂ ಅದಕ್ಕೆ ಬಿದ್ದದ್ದು ಒಂದು ನಾಯಿ. ನೋಡಲು ಬಂದ ಗಾರ್ಡಿನ ಮೇಲೆ ನಾನು ಹರಿಹಾಯ್ದೆ. "ಏನಪ್ಪ, ನಾಯಿ ಹಿಡಿಯಾಕೆ ಇಷ್ಟು ದೊಡ್ಡ ಬೋನು ತಂದ್ರಾ?"

ಅವನು ನಮ್ಮ ಹರಿಯಬ್ಬೆ ಕಡೆಯ ಹುಡುಗ, ನನ್ನ ತಮ್ಮನ ವಯಸ್ಸು. ಸಿಟ್ಟು ಮಾಡಿಕೊಳ್ಳಲಿಲ್ಲ. "ಅಮ್ಮ, ಬೋನಿನಾಗೆ ಬೆಲ್ಲ ಐತೆ. ಗುಡಿಯಾಗೆ ಒಂದು ಡ್ರಮ್ಮು ಎಣ್ಣೆ ಐತೆ. ನೀವೇ ಕರಡಿ ಆಗಿದ್ರೆ ಯಾವ ಕಡಿಗೆ ಹೋಗ್ತಿದ್ರಿ ಹೇಳ್ರಿ?"

"ಇದನ್ನ ವೈಶಾಖದಾಗೆ ಹೇಳಾಕೆ ಬಾಯಿ ಇರ್ಲಿಲ್ವಾ ನಿಂಗೆ?"

"ಹೇಳಿದ್ದೆ. ಕಟ್ಟೆ ಮ್ಯಾಲೆ ಕುಂತೋರಿಗೆ ಎರಡು ಸಲ ಹೇಳಿದೀನಿ. ಜಾಂಬವಂತನಿಗೆ ಅಡ್ಡ ಬರಬ್ಯಾಡ ಅಂತ ನಂಗೇ ಮಂಗಳಾರತಿ ತಟ್ಟೆ ಹಿಡಿದ್ರು."

ಹೇಳಿದ್ದನಂತೆ. ನಮ್ಮವರು ಒಬ್ಬರಾದರೂ ಮನೆಗೆ ಬಂದು ಹೆಂಡತಿಗೆ ಹೇಳಿರಲಿಲ್ಲ. ಪೊರಕೆ ಹಿಡಿಯುವವಳಿಗೆ ತಿಳಿಯಬೇಕಾದ ಮಾತು ಕಟ್ಟೆ ಮೇಲೇ ಉಳಿದಿತ್ತು. ಆ ರಾತ್ರಿ ನಾನು ನಮ್ಮ ಮನೆಯವರ ಮುಂದೆ ತಟ್ಟೆ ಕುಕ್ಕಿ ಊಟಕ್ಕಿಟ್ಟೆ.

ಮರುದಿನ ಕಟ್ಟೆಯಲ್ಲಿ ತೀರ್ಮಾನವಾಯಿತು. ಹಟ್ಟಿಯ ಹಿರಿಯರು ಗೌಡರು. ಅವರ ಮಾತೆಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಎಣ್ಣೆ ನಿಲ್ಲಿಸುವಂತಿಲ್ಲ, ಕರಡಿಯೂ ಬರಬಾರದು. ಅದಕ್ಕೆ ಮಂಟಪದ ಸುತ್ತ ಬರಿ ತಂತಿ ಎಳೆದು ಕತ್ತಲಾದ ಮೇಲೆ ಕರೆಂಟು ಕೊಡುವುದು. ನಿನ್ನೆಯವರೆಗೆ ಜಾಂಬವಂತ, ಇವತ್ತು ಸುಟ್ಟುಹಾಕಬೇಕಾದ ಮೃಗ. ತಂತಿಯ ಸುರುಳಿ ಬಂದೇಬಿಟ್ಟಿತು. ಗುಡಿಯ ಮೀಟರು, ಸ್ವಿಚ್ಚು ಇರುವುದು ಗರ್ಭಗುಡಿಯ ಒಳಗೆ. ಬೀಗದ ಕೈ ಬೇಕು. ನೆತ್ತರು ಮೆತ್ತಿದ ಆ ಬೀಗದ ಕೈಯನ್ನು ಮಂಟಪದ ಮೆಟ್ಟಿಲ ಸಂದಿಯಲ್ಲಿ ಹುಡುಕಿ ತೊಳೆದು ಇಟ್ಟುಕೊಂಡಿದ್ದವಳು ನಾನು.

ಗೌಡರೇ ಮನೆ ಬಾಗಿಲಿಗೆ ಬಂದರು. "ಬೀಗದ ಕೈ ಕೊಡವ್ವ."

"ಕುಂತ್ಕಳ್ರಿ. ಮಜ್ಜಿಗೆ ಕೊಡ್ತೀನಿ. ಬೀಗದ ಕೈ ಕೊಡಲ್ಲ."

"ನಿನ್ ಸರದಿ ಮುಗಿದೈತೆ."

"ಮುಗಿದಿಲ್ಲ. ಮೂರು ದಿನ ಉಳಿದೈತೆ. ನನ್ ಬದಲು ಹೋದೋಳು ಆಸ್ಪತ್ರೆ ಸೇರಿದ್ಲು."

"ಹೆಣ್ಮಕ್ಕಳ ಒಳ್ಳೇದಕ್ಕೇ ಅಲ್ವಾ ತಂತಿ ಎಳಿಯೋದು?"

"ಬೆಳಗ್ಗೆ ಕತ್ಲಾಗೆ ಸ್ವಿಚ್ಚು ಆರಿಸೋರು ಯಾರು ಗೌಡ್ರೆ? ಮರೆತ್ರೆ ಒದ್ದೆ ಬಕೆಟ್ಟು ಹಿಡ್ಕಂಡು ಹೋಗೋಳು ಯಾರು? ಕರಡಿ ಆದ್ರೆ ತೋಳು ಹರೀತು. ತಂತಿ ಏನ್ ಉಳಿಸ್ತೈತೆ? ಏಳೂವರೆಗೆ ಮಕ್ಳು ಅಲ್ಲೇ ಹಾಯ್ತವೆ."

"ಹೆಂಗಸಿನ ಹತ್ರ ಏನ್ ಮಾತು," ಎಂದು ಗೌಡರು ನಮ್ಮ ಮನೆಯವರ ಕಡೆ ತಿರುಗಿದರು. "ಏನಪ್ಪ, ನೀನಾದ್ರೂ ಹೇಳೋ."

ಇಪ್ಪತ್ತು ವರ್ಷದಲ್ಲಿ ನಮ್ಮ ಮನೆಯವರು ಗೌಡರಿಗೆ ಎದುರಾಡಿದ್ದು ನಾನು ಕಂಡಿಲ್ಲ. ಅವತ್ತೂ ಎದುರಾಡಲಿಲ್ಲ, ಆದರೆ ಬೀಗದ ಕೈ ಕೊಡು ಎಂದು ನನಗೆ ಹೇಳಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ದನಕ್ಕೆ ನೀರು ಕುಡಿಸಲು ಹೊರಟುಹೋದರು. ನನಗೆ ಅಷ್ಟೇ ಸಾಕಾಗಿತ್ತು. ನಾಲ್ಕನೆಯ ಗೆಣ್ಣು.

ಗೌಡರು ಏಳುವಾಗ ಕೇಳಿದರು, "ಹಂಗಾದ್ರೆ ದೀಪ ಆರಿಸ್ತೀಯಾ? ಹಟ್ಟಿಗೆ ಏನಾದ್ರೂ ಆದ್ರೆ ಹೊಣೆ ಯಾರು?"

"ದೀಪ ಆರಿಸಲ್ಲ. ಎಣ್ಣೆ ನಿಲ್ಲಿಸ್ತೀನಿ," ಎಂದೆ. ಅಂದುಬಿಟ್ಟೆನೇ ಹೊರತು ಹೇಗೆ ಎಂದು ನನಗೂ ಗೊತ್ತಿರಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. ದೀಪ ಉರಿಯಬೇಕು. ಆರಿದ ಮೇಲೆ ಒಂದು ತೊಟ್ಟೂ ಉಳಿಯಬಾರದು. ಕಲ್ಲಿನ ಬಟ್ಟಲು ಎಣ್ಣೆ ಹೀರಿಕೊಂಡು ಕರ್ರಗೆ ಕೂತಿದೆ, ಮಣ್ಣಿನ ಹಣತೆಯೂ ಹೀರುತ್ತದೆ. ಹಾಗಾಗಿ ಹಿತ್ತಾಳೆ. ನನ್ನ ತವರಿನಿಂದ ಬಂದ ಒಂದು ಚಿಕ್ಕ ಬಟ್ಟಲಿತ್ತು. ಅದಕ್ಕೆ ಸಾರಿನ ಪುಡಿ ಡಬ್ಬಿಯ ಚಮಚದಲ್ಲಿ ಒಂದು ಚಮಚ ಎಣ್ಣೆ ಹಾಕಿ, ಹತ್ತಿಯ ಬತ್ತಿ ಹೊಸೆದು ಹಚ್ಚಿ, ಗೋಡೆ ಗಡಿಯಾರ ನೋಡುತ್ತ ಕುಳಿತೆ. ಮೊದಲ ಬತ್ತಿ ತೀರಾ ಸಣ್ಣದು. ಗಂಟೆ ಕಳೆದರೂ ಎಣ್ಣೆ ಉಳಿದಿತ್ತು. ಮರುದಿನ ದಪ್ಪ ಬತ್ತಿ ಮಾಡಿದೆ, ಹೊಗೆ ಬಂತು, ಬಟ್ಟಲ ಅಂಚಿಗೆ ಮಸಿ ಹಿಡಿಯಿತು. ಮೂರನೆಯ ದಿನ ಎರಡು ಎಳೆ ಸೇರಿಸಿ ಕಿರುಬೆರಳಿನ ಅರ್ಧ ದಪ್ಪಕ್ಕೆ ಹೊಸೆದೆ. ಚಮಚಕ್ಕೆ ಅರ್ಧ ಗಂಟೆಯ ಮೇಲೆ ಸ್ವಲ್ಪ. ಮೂರು ಚಮಚಕ್ಕೆ ಆರರಿಂದ ಏಳೂಮುಕ್ಕಾಲಿನ ಹತ್ತಿರ. ಕೊನೆಗೆ ಬತ್ತಿಯೇ ಉಳಿದ ಪಸೆಯನ್ನು ಹೀರಿಕೊಂಡು ಉರಿದು ಬೂದಿಯಾಗುತ್ತಿತ್ತು. ಬಟ್ಟಲನ್ನು ಬೆರಳಿಂದ ಸವರಿ ಮೂಸಿದೆ. ಬಿಸಿ ಲೋಹದ ವಾಸನೆ, ಅಷ್ಟೇ.

ಆಮೇಲೆ ಪೂಜಾರಪ್ಪನ ಮನೆಗೆ ಹೋದೆ. ಅವರು ಕೇಳಿ ಕೈಯಾಡಿಸಿದರು. "ಇದು ನಂದಾದೀಪ ಕಣವ್ವ. ಬೆಳಗಿನ ತನಕ ಉರೀಬೇಕು."

"ಬೆಳಗಿನ ತನಕ ಉರಿದಿದ್ದು ಯಾರು ಕಂಡವ್ರೆ ಪೂಜಾರಪ್ಪ? ನೀವು ಏಳು ಗಂಟೆಗೆ ಮನೆ ಸೇರ್ತೀರಿ. ಯುಗಾದಿಯಿಂದ ಈಚೆಗೆ ಆ ದೀಪ ಒಂದು ದಿನ ಬೆಳಗ್ಗೆ ಕಂಡಿಲ್ಲ. ಕರಡಿ ನಾಲಿಗೆಗೆ ಆರೈತೆ. ನಾನು ಆರೋ ತನಕ ಎದುರಿಗೆ ಕುಂತಿರ್ತೀನಿ. ನೋಡೋರಿಲ್ದೆ ಉರಿಯೋ ದೀಪ ಮೇಲೋ, ಕೈ ಮುಗಿದು ಕುಂತೋರ ಮುಂದೆ ಉರಿಯೋದು ಮೇಲೋ?"

ಅವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ಅವರ ಮನಸ್ಸಿನಲ್ಲೂ ಏನೋ ಕೊರೆಯುತ್ತಿತ್ತು ಎಂದು ನನಗೆ ಅನ್ನಿಸಿತು. ಭಕ್ತಿ ಇದ್ದವರಿಗೆ ಏನೂ ಆಗುವುದಿಲ್ಲ ಎಂದವರು ಅವರು. ನನ್ನ ವಾರಗಿತ್ತಿಗೆ ಭಕ್ತಿ ಕಡಿಮೆಯಿತ್ತೆಂದು ಹೇಳುವ ಧೈರ್ಯ ಅವರಿಗಿರಲಿಲ್ಲ.

"ಡ್ರಮ್ಮಿನಾಗೆ ಇರೋದು ಏನ್ ಮಾಡ್ತಿ?" ಎಂದರು ಕೊನೆಗೆ. "ಮನಿಗೆ ಒಯ್ಯಂಗಿಲ್ಲ. ಮಣ್ಣಿಗೆ ಚೆಲ್ಲಂಗಿಲ್ಲ. ದೇವರ ಎಣ್ಣೆ ದೇವರಿಗೇ ಉರೀಬೇಕು."

ಆ ಮಾತೇ ನನಗೆ ದಾರಿ ತೋರಿಸಿತು. ಉರಿಯಬೇಕು ತಾನೇ? ಬತ್ತಿಯಲ್ಲೇ ಉರಿಯಬೇಕೆಂದು ಯಾರು ಹೇಳಿದ್ದಾರೆ?

ನಮ್ಮ ಹಿತ್ತಲಲ್ಲಿ ಬೆರಣಿಯ ರಾಶಿಯಿತ್ತು. ಮಳೆ ಬಿಡುವು ಕೊಟ್ಟ ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಬಿಸಿಲು ಏರಿದ ಮೇಲೆ, ನಾನೊಬ್ಬಳೇ ಎರಡು ಮಂಕರಿ ಬೆರಣಿ ಹೊತ್ತುಕೊಂಡು ಹೋದೆ. ಗುಡಿಯ ಮುಂದಿನ ಬಯಲಲ್ಲಿ ಒಂದೊಂದನ್ನೇ ಎಣ್ಣೆಯಲ್ಲಿ ಅದ್ದಿ ಒಟ್ಟಿದೆ. ಬೆರಣಿ ಎಣ್ಣೆ ಕುಡಿಯುವುದನ್ನು ನೋಡಬೇಕು, ಕರಡಿ ಏನೂ ಅಲ್ಲ. ಡ್ರಮ್ಮಿನ ಕಾಲು ಭಾಗ ಮುಗಿಯುವಷ್ಟರಲ್ಲಿ ನನ್ನ ಬೆರಣಿ ಮುಗಿಯಿತು. ನೆರಳಿಗೆ ಕುಳಿತೆ. ಆಗ ಹಟ್ಟಿಯ ಕಡೆಯಿಂದ ಮಂಕರಿ ಹೊತ್ತ ಹೆಂಗಸರು ಬರುವುದು ಕಂಡಿತು. ಮೊದಲಿನವಳು ಗೌಡರ ಹೆಂಡತಿ.

"ನಮ್ಮನೇರು ಹೊಸದುರ್ಗಕ್ಕೆ ಹೋಗವ್ರೆ," ಎಂದರು ಆಕೆ ಮಂಕರಿ ಇಳಿಸುತ್ತ. "ಸಂಜೆ ತನಕ ಬರಲ್ಲ. ಬೇಗ ಬೇಗ ಮಾಡಾಣ."

ಒಬ್ಬಳು ನಕ್ಕಳು. ನಾನು ನಗಲಿಲ್ಲ, ನನಗೆ ಅಳು ಬಂತು. ಪೂಜಾರಪ್ಪ ಬಂದು ಕರ್ಪೂರದಿಂದ ಬೆಂಕಿ ಕೊಟ್ಟರು. ಮಧ್ಯಾಹ್ನದ ಬಿಸಿಲಲ್ಲಿ ಆಳೆತ್ತರ ಉರಿಯಿತು. ಖಾಲಿ ಡ್ರಮ್ಮನ್ನು ನಮ್ಮ ಮನೆಯವರು ಟೆಂಪೋದಲ್ಲಿ ಹಾಕಿಕೊಂಡು ಹಟ್ಟಿಯಿಂದಲೇ ದೂರ ಸಾಗಿಸಿದರು. ಯಾರೂ ಹೇಳಿರಲಿಲ್ಲ.

ಆರಿದ ಬೂದಿಯನ್ನೇ ಜರಡಿ ಹಿಡಿದು ಮಂಟಪ ತಿಕ್ಕಲು ಇಟ್ಟುಕೊಂಡೆವು. ಎಷ್ಟು ವರ್ಷದ ಜಿಡ್ಡೋ! ಕಲ್ಲಿನ ಮೇಲೆ ಬೆಲ್ಲದ ಪಾಕ ಗಟ್ಟಿಯಾದ ಹಾಗೆ ಕೂತಿತ್ತು. ಮೊದಲು ಹಳೆಯ ಕುಡುಗೋಲಿನ ಬೆನ್ನಿನಿಂದ ಕೆರೆದೆವು. ಮೇಲೆ ಬೂದಿ ಸುರಿದು ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಕುದಿಯುವ ನೀರು, ಸೀಗೆಪುಡಿ, ತೆಂಗಿನ ನಾರು. ಮೂರು ದಿನ ತಿಕ್ಕಿದೆವು. ಕೈಯ ಚರ್ಮ ಸುಲಿಯಿತು. ಕಪ್ಪಾಗಿದ್ದ ಬಟ್ಟಲಿನ ಅಂಚಿನಲ್ಲಿ ಒಂದು ತಾವರೆಯ ಕೆತ್ತನೆ ಕಂಡಿತು. ಪೂಜಾರಪ್ಪನೇ ಅದನ್ನು ಮೊದಲ ಸಲ ನೋಡಿದ್ದಂತೆ.

ಸಂಜೆ ಹಿತ್ತಾಳೆ ಬಟ್ಟಲನ್ನು ಕಲ್ಲಿನ ಬಟ್ಟಲೊಳಗೆ ಇಟ್ಟು ಮೂರು ಚಮಚ ಎಣ್ಣೆ ಹಾಕಿ ದೀಪ ಹಚ್ಚಿದೆ. ಇಬ್ಬರು ಹೆಂಗಸರು ಜೊತೆಗೆ ಕುಳಿತರು, ನಮ್ಮ ಮನೆಯವರು ಬ್ಯಾಟರಿ ಹಿಡಿದು ಮೆಟ್ಟಿಲ ಮೇಲೆ. ದೀಪ ತಾನಾಗಿ ಆರಿದ ಮೇಲೆ ಬಟ್ಟಲನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಸುಟ್ಟು, ಮನೆಗೆ ಹೊರಟೆವು.

ಮರುದಿನ ಬೆಳಿಗ್ಗೆ, ಬೆಳಕು ಹರಿದ ಮೇಲೆ ನಾಲ್ಕು ಜನ ಸೇರಿ ಹೋದೆವು. ಮಂಟಪದ ತುಂಬ ಮಣ್ಣಿನ ಹೆಜ್ಜೆ. ಬಂದಿತ್ತು. ಅದರ ಮರುದಿನವೂ ಬಂದಿತ್ತು. ಗೌಡರು ಕಟ್ಟೆಯಿಂದಲೇ ಕೂಗಿ ಹೇಳಿದರು, "ಏನವ್ವ, ನಿನ್ ಸೀಗೆಪುಡಿ ವಾಸನೆಗೆ ಸ್ನಾನ ಮಾಡಾಕೆ ಬಂದಿತ್ತೇನೋ ಕರಡಿ!" ಕಟ್ಟೆ ಪೂರ್ತಿ ನಕ್ಕಿತು. ತಂತಿಯ ಸುರುಳಿ ಇನ್ನೂ ಅಲ್ಲೇ, ಅವರ ಕಾಲ ಬಳಿ ಇತ್ತು.

ನನಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಎಲ್ಲಿ ತಪ್ಪಿತು? ಗಾರ್ಡಿಗೆ ಫೋನು ಮಾಡಿಸಿದೆ. ಅವನು ಬಂದು ಹೆಜ್ಜೆ ಹಿಡಿದು ನಡೆದ. ಹೆಜ್ಜೆಗಳು ಮಂಟಪದಲ್ಲಿ ಸುಮ್ಮನೆ ಸುತ್ತಾಡಿ, ಗುಡಿಯ ಹಿಂದಕ್ಕೆ ಹೋಗಿದ್ದವು. ಹಿಂದೆ ಎಕ್ಕದ ಗಿಡದ ಬುಡದಲ್ಲಿ ನೆಲ ಬಗೆದಿತ್ತು. ಅವನು ಕೋಲಿನಿಂದ ಕೆದಕಿದ. ಕಪ್ಪು ಬತ್ತಿಗಳು. ವರ್ಷಗಟ್ಟಲೆ ನಾವು ದಿನಾ ಬೆಳಿಗ್ಗೆ ಗುಡಿಸಿ, ತುಳಿಯುವ ಜಾಗದಲ್ಲಿ ಬೀಳಬಾರದೆಂದು ಭಕ್ತಿಯಿಂದ ಗುಡಿಯ ಹಿಂದೆ ಹಾಕುತ್ತಿದ್ದ ಎಣ್ಣೆ ಬತ್ತಿಗಳು. ಒಂದು ಗಾಡಿಯಷ್ಟು.

"ಇದು ನೋಡ್ರಮ್ಮ, ನಿಮ್ ಎರಡನೇ ಡ್ರಮ್ಮು," ಎಂದ ಅವನು.

ಆ ಕಟ್ಟೆಯವರ ಮೇಲೆ ಅಷ್ಟು ಕೂಗಾಡಿದ್ದೆನಲ್ಲ, ಇದು ಪೂರ್ತಿ ನಮ್ಮ ಹೆಂಗಸರದೇ. ಇಪ್ಪತ್ತು ವರ್ಷದ ನನ್ನ ಸರದಿಯ ಬತ್ತಿಗಳೂ ಅದರಲ್ಲಿದ್ದವು. ಗುದ್ದಲಿ ಹಿಡಿದು ಮೊಣಕಾಲುದ್ದ ಮಣ್ಣು ತೆಗೆದೆವು. ಎಲ್ಲವನ್ನೂ ಮತ್ತೆ ಬೆರಣಿಯ ಜೊತೆ ಸುಟ್ಟೆವು. ಗುಂಡಿಗೆ ಸುಣ್ಣ ಹಾಕಿ ಮುಚ್ಚಿದೆವು.

ಇನ್ನೊಂದು ವಾರ ಕಾದೆವು. ಎರಡು ಸಲ ಹೆಜ್ಜೆ ಕಂಡಿತು. ಒಂದು ದಿನ ಕಲ್ಲಿನ ಬಟ್ಟಲನ್ನು ಉಗುರಿನಿಂದ ಗೀರಿ ನೋಡಿತ್ತು, ತಾವರೆಯ ಒಂದು ಎಸಳಿನ ಮೇಲೆ ಆ ಗೆರೆ ಈಗಲೂ ಇದೆ. ಆಮೇಲೆ ಹೆಜ್ಜೆ ಕಾಣಲಿಲ್ಲ. ಸೀತಾಫಲ ಹಣ್ಣಾಗುವ ಕಾಲ ಬಂದಿತ್ತು, ಗುಡ್ಡದಲ್ಲಿ ಅದಕ್ಕೆ ಊಟವಿತ್ತು. ಈ ವರ್ಷ ಆ ಹಣ್ಣು ಕೀಳಲು ನಾವ್ಯಾರೂ ಹೋಗುವುದು ಬೇಡವೆಂದು ಹೆಂಗಸರೇ ಮಾತಾಡಿಕೊಂಡೆವು. ಬೋನನ್ನು ಒಯ್ದರು. ತಂತಿಯ ಸುರುಳಿಯನ್ನು ಯಾರೋ ತಮ್ಮ ಹೊಲದ ಬೇಲಿಗೆ ಒಯ್ದರು. ಸೋತೆವೆಂದು ಕಟ್ಟೆಯವರು ಯಾರೂ ಹೇಳಲಿಲ್ಲ, ಅದನ್ನು ನಾನು ಕಾಯಲೂ ಇಲ್ಲ. ಮಕ್ಕಳು ಏಳೂವರೆ ಬಸ್ಸಿಗೆ ಅದೇ ದಾರಿಯಲ್ಲಿ ಹೋಗುತ್ತಿದ್ದಾರೆ. ಬೆಳಗಿನ ಗುಡಿಸುವ ಕೆಲಸ ಈಗ ಬೆಳಕು ಹರಿದ ಮೇಲೆಯೇ. ಇಷ್ಟು ಸಣ್ಣ ಬದಲಾವಣೆಗೆ ಒಬ್ಬಳ ತೋಳು ಬೇಕಾಯಿತಲ್ಲ ಎನ್ನುವುದೇ ನನ್ನ ಹೊಟ್ಟೆಯೊಳಗೆ ಈಗಲೂ ಉರಿಯುತ್ತದೆ.

ಅಷ್ಟೂ ವಾರ ಎಲ್ಲರ ಸರದಿಯನ್ನೂ ನಾನೇ ಮಾಡಿದೆ. ನಾನು ಹೊರಗಾದ ದಿನ ಗೌಡರ ಹೆಂಡತಿ ಮಾಡಿದರು.

ಕಾರ್ತಿಕದ ಮೊದಲ ಶನಿವಾರ ಸಂಜೆ ಬೇರೆ ಊರಿನ ಒಂದು ಕುಟುಂಬ ಕಾರಿನಲ್ಲಿ ಬಂತು. ಹರಕೆ ತೀರಿಸಲು ಹದಿನೈದು ಕೆಜಿಯ ಎಣ್ಣೆ ಡಬ್ಬ ಇಳಿಸಿದರು. ಬೇಡವೆಂದು ನಾನು ಹೇಳಿದೆ. ಅವರ ಮನೆಯ ಹಿರಿಯ ಹೆಂಗಸು ಒಪ್ಪಲಿಲ್ಲ. "ದೂರದಿಂದ ಬಂದಿದೀವಿ ಕಣಮ್ಮ. ಸ್ವಲ್ಪವಾದ್ರೂ ಸುರೀಲಿ. ಜಾಂಬವಂತ ಬಂದು ಕುಡೀತಾನಂತಲ್ಲ?" ಕಾರ್ತಿಕದಲ್ಲಿ ಎಣ್ಣೆ ತಂದವರನ್ನು ವಾಪಸ್ಸು ಕಳಿಸಬಾರದೆಂದು ಕಟ್ಟೆಯವರೂ ದನಿಗೂಡಿಸಿದರು. ಗೌಡರು ಎದ್ದು ಬಂದರು. ಎಲ್ಲ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು ಎನ್ನಿಸಿತು. ಬಾಯಿಗೆ ಬಂದದ್ದನ್ನು ಹೇಳಿಯೇಬಿಡುತ್ತಿದ್ದೆ.

ಅಷ್ಟರಲ್ಲಿ ನನ್ನ ವಾರಗಿತ್ತಿ ಮೆಟ್ಟಿಲು ಹತ್ತಿ ಬಂದಳು. ಆಸ್ಪತ್ರೆಯಿಂದ ಬಂದು ಮೂರು ವಾರವಾಗಿತ್ತು. ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಬಲಗೈ ಮೊಣಕೈಯಲ್ಲೇ ಮಡಚಿ ನಿಂತಿತ್ತು, ಮೇಲಕ್ಕೆ ಏಳುತ್ತಿರಲಿಲ್ಲ. ಆ ಹಿರಿಯ ಹೆಂಗಸಿನ ಮುಂದೆ ನಿಂತು ತಲೆಯ ಮೇಲಿನ ಸೆರಗು ಸರಿಸಿದಳು. ಕೂದಲು ಬಾರದ ಜಾಗದಲ್ಲಿ ಹೊಲಿಗೆಯ ಗುರುತು ಕಂಡಿತು.

"ಜಾಂಬವಂತ ಇಲ್ಲಿ ಮುಟ್ಟಿದ್ದು ಕಣಮ್ಮ," ಎಂದಳು ಮೆಲ್ಲಗೆ. "ಕಾರಿನ ಗಾಜು ಏರಿಸ್ಕಂಡು ನೋಡಿದ್ರೆ ಕಾಣಲ್ಲ, ಅದಕ್ಕೆ ತೋರಿಸ್ತಿದೀನಿ."

ಗೌಡರು ನೆಲ ನೋಡಿದರು. ಆ ಕುಟುಂಬದ ಗಂಡಸು ಡಬ್ಬವನ್ನು ಎತ್ತಿ ಮತ್ತೆ ಕಾರಿನಲ್ಲಿ ಇಟ್ಟ. ಅದು ಮೆಟ್ಟಿಲು ಹತ್ತಿರಲಿಲ್ಲ, ಹಾಗಾಗಿ ಕಟ್ಟಳೆಯೂ ಮುರಿಯಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. "ಅಕ್ಕ, ಈ ವಾರ ಸರದಿ ನಂದು ಅಲ್ವಾ? ಎಷ್ಟು ಹಾಕ್ಬೇಕು?"

"ಮೂರು ಚಮಚ."

ಮೂರೇ ಚಮಚ ಅಳೆದು ತಂದಿದ್ದ ಗಿಂಡಿಯನ್ನು ನಾನು ಹಿಡಿದೆ. ಅವಳು ಚಮಚ ತೆಗೆದುಕೊಂಡಳು, ಎಡಗೈಯಲ್ಲಿ. ಗಿಂಡಿಯಿಂದ ಬಟ್ಟಲಿಗೆ ಒಂದು, ಎರಡು. ದೇವರ ಕೆಲಸಕ್ಕೆ ಎಡಗೈ ಸಲ್ಲುವುದಿಲ್ಲ ಎಂದು ಹಟ್ಟಿಯ ಹಸುಗೂಸಿಗೂ ಗೊತ್ತು. ಪೂಜಾರಪ್ಪನಿಗೆ ಐವತ್ತು ವರ್ಷದ ರೂಢಿ. ಅವರ ಬಾಯಿಂದ ಅದು ತಾನಾಗಿ ಹೊರಟಿತು. "ಎಡಗೈ ಕಣವ್ವ..."

ಅವಳು ಕೈ ನಿಲ್ಲಿಸಲಿಲ್ಲ. ಮೂರನೆಯ ಚಮಚ ಹಾಕಿ, ಅಂಚಿಗೆ ಅಂಟಿದ ತೊಟ್ಟನ್ನೂ ಬಟ್ಟಲಿಗೇ ಒರೆಸಿದಳು.

"ಬಲಗೈ ಆಗ್ಲೇ ಕೊಟ್ಟಿದೀನಿ ಪೂಜಾರಪ್ಪ," ಎಂದಳು.

ನಾನು ಪೂಜಾರಪ್ಪನ ಮುಖವನ್ನೇ ನೋಡುತ್ತ ನಿಂತೆ. ಅವರು ಇನ್ನೊಂದು ಮಾತಾಡಿದ್ದರೆ ಅವತ್ತು ನಾನು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಅವರು ಬೆಂಕಿಪೊಟ್ಟಣ ತೆಗೆದು, ಕಡ್ಡಿ ಗೀರಿ, ಅವಳ ಎಡಗೈಗೇ ಕೊಟ್ಟು, ಗಂಟೆ ಬಾರಿಸಲು ಒಳಗೆ ಹೋದರು.